ತೋಳಿಗೋ ಮಣಿಕಟ್ಟಿಗೋ: ಮನೆಗೆ ಯಾವ ಬಿಪಿ ಮಷಿನ್?

ಮೊದಲೇ ಹೇಳಿಬಿಡುತ್ತೇನೆ, ತೋಳಿಗೆ ಕಟ್ಟುವ ಡಿಜಿಟಲ್ ಮಷಿನ್ ತಗೊಳ್ಳಿ. ಅದರಲ್ಲೂ ಡಬ್ಬದ ಮೇಲಿನ ಬ್ಲೂಟೂತ್, ಮೆಮೊರಿ, ದೊಡ್ಡ ಅಕ್ಷರ ಇವನ್ನೆಲ್ಲ ಆಮೇಲೆ ನೋಡಿ. ಮೊದಲು ಕೈಗೆ ಸುತ್ತುವ ಬಟ್ಟೆಪಟ್ಟಿಯ (ಕಫ್) ಅಳತೆ ನೋಡಿ. ನಮ್ಮ ಮನೆಯಲ್ಲಿ ಈಗ ಮೂರು ಬಿಪಿ ಮಷಿನ್ ಇವೆ. ಮಣಿಕಟ್ಟಿಗೆ ಕಟ್ಟುವುದು ಒಂದು, ತಮ್ಮ ಆನ್‌ಲೈನ್‌ನಲ್ಲಿ ತರಿಸಿ ಅಮ್ಮನಿಗೆ ಕಳಿಸಿದ್ದು. ಡಯಲ್ ಇರುವುದು ಒಂದು, ಸ್ಟೆತಸ್ಕೋಪ್ ಸಮೇತ ನಾನೇ ತಂದದ್ದು. ಕೊನೆಗೆ ಬಂದದ್ದು ತೋಳಿನದು. ಅಮ್ಮ ದಿನಾ ಬಳಸುವುದು ಇದೊಂದನ್ನೇ.

ನಾನು ಪೀಣ್ಯದಲ್ಲಿ ಪ್ರೆಶರ್ ಗೇಜ್ ಕ್ಯಾಲಿಬ್ರೇಶನ್ ಕೆಲಸ ಮಾಡುವವನು. ಹಾಗಾಗಿ ಬಿಪಿ ಮಷಿನ್ ಅಂದರೆ ನನಗೆ ಇನ್ನೊಂದು ಗೇಜ್ ಅಷ್ಟೇ. ಮುಳ್ಳು ಸರಿ ತೋರಿಸುತ್ತಾ ಇಲ್ವಾ ಅಂತಲೇ ಮೊದಲು ನೋಡುವುದು. ಆದರೆ ಈ ಮೂರರಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ಒಳಗಿನ ಸೆನ್ಸರ್ ಅಲ್ಲವೇ ಅಲ್ಲ. ಹೊರಗಿನ ಬಟ್ಟೆಪಟ್ಟಿ.

ಮಣಿಕಟ್ಟಿನದರಿಂದ ಶುರು ಮಾಡೋಣ. ಕಟ್ಟಿಕೊಳ್ಳುವುದು ಎಷ್ಟು ಸುಲಭ ಅಂದರೆ ಅಮ್ಮನಿಗೆ ಮೊದಲ ದಿನವೇ ಇಷ್ಟವಾಯಿತು. ಬಳೆಗಳನ್ನು ಸ್ವಲ್ಪ ಮೇಲೆ ಸರಿಸಿದರೆ ಆಯ್ತು, ರವಿಕೆಯ ಗೊಡವೆ ಇಲ್ಲ. ಎರಡು ಸಣ್ಣ ಸೆಲ್ ಸಾಕು. ಪರ್ಸಿನಲ್ಲೇ ಇಟ್ಟುಕೊಂಡು ಮದುವೆಮನೆಗೂ ಒಯ್ಯಬಹುದು. ಅಂಕಿ ಮಾತ್ರ ದಿನಕ್ಕೊಂದು ಥರ. ಸೋಫಾದಲ್ಲಿ ಕೂತು ಕೈ ತೊಡೆಯ ಮೇಲಿಟ್ಟರೆ 152. ಅದೇ ಕೈಯನ್ನು ದಿಂಬಿನ ಮೇಲಿಟ್ಟು ಎದೆಯ ಮಟ್ಟಕ್ಕೆ ತಂದರೆ 137. ಅಮ್ಮ ಬರೆದಿಟ್ಟ ನೋಟ್‌ಬುಕ್ ನೋಡಿ ಡಾಕ್ಟರು ಮಾತ್ರೆ ಜಾಸ್ತಿ ಮಾಡೋಣ ಅಂದರು. ಆಮೇಲೆ ಯಾಕೋ ಅನುಮಾನ ಬಂದು ತಾವೇ ತೋಳಿಗೆ ಕಟ್ಟಿ ನೋಡಿ, "ಇರಲಿ, ಈಗಿನದೇ ಮುಂದುವರಿಸಿ" ಅಂದರು.

ಇದರಲ್ಲಿ ಮಾಯ ಏನೂ ಇಲ್ಲ. ರಕ್ತವೂ ಒಂದು ದ್ರವ, ಅದಕ್ಕೂ ತೂಕ ಇದೆ. ಅಳೆಯುವ ಜಾಗ ಹೃದಯಕ್ಕಿಂತ ಕೆಳಗಿದ್ದಷ್ಟೂ ಅಲ್ಲಿ ಒತ್ತಡ ಜಾಸ್ತಿ. ಬಿಪಿಯ ಅಂಕಿ ಅಂದರೆ ಪಾದರಸದ ಕಂಬದ ಎತ್ತರ, ಮಿಲಿಮೀಟರಿನಲ್ಲಿ. ಪಾದರಸ ರಕ್ತಕ್ಕಿಂತ ಸುಮಾರು 13 ಪಟ್ಟು ಭಾರ. ಲೆಕ್ಕ ಹಾಕಿದರೆ ಪ್ರತಿ ಸೆಂಟಿಮೀಟರಿಗೆ 0.78 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ತೊಡೆಯ ಮೇಲಿಟ್ಟ ಮಣಿಕಟ್ಟು ಹೃದಯಕ್ಕಿಂತ 20 ಸೆಂಟಿಮೀಟರ್ ಕೆಳಗಿದ್ದರೆ 15, 16 ಮಿಲಿಮೀಟರ್ ಸುಮ್ನೆ ಏರಿಬಿಡುತ್ತದೆ. ಅಮ್ಮನ ನೋಟ್‌ಬುಕ್ಕಿನಲ್ಲಿ ಜಾಸ್ತಿ ಬಂದಿದ್ದೂ ಹೆಚ್ಚುಕಡಿಮೆ ಅಷ್ಟೇ. ಸೆನ್ಸರ್ ಸುಳ್ಳು ಹೇಳಲಿಲ್ಲ, ಕೇಳಿದ ಜಾಗದ ಒತ್ತಡವನ್ನೇ ಹೇಳಿತು. ಜೊತೆಗೆ ಮಣಿಕಟ್ಟಿನಲ್ಲಿ ರಕ್ತನಾಳ ಎರಡು, ಸುತ್ತ ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿಗಳು. ಪಟ್ಟಿ ಎಲ್ಲ ಕಡೆ ಸಮನಾಗಿ ಒತ್ತುವುದು ಕಷ್ಟ. ಕೆಲವು ಮಾಡೆಲ್‌ಗಳಲ್ಲಿ ಕೈ ಸರಿಯಾದ ಎತ್ತರದಲ್ಲಿದೆಯೋ ಇಲ್ಲವೋ ತೋರಿಸುವ ದೀಪ ಇರುತ್ತದೆ. ನಮ್ಮದರಲ್ಲಿ ಇಲ್ಲ. ತೋಳಿಗೆ ಯಾವ ಪಟ್ಟಿಯೂ ಹಿಡಿಯದಷ್ಟು ದಪ್ಪ ಇರುವವರಿಗೆ, ತೋಳಿಗೆ ಕಟ್ಟಲೇಬಾರದು ಅಂತ ಡಾಕ್ಟರು ಹೇಳಿದವರಿಗೆ ಇದೇ ಗತಿ. ಉಳಿದವರಿಗೆ ಬೇಡ.

ಡಯಲ್ ಮಷಿನ್ ಮೇಲೆ ನನಗೆ ಪ್ರೀತಿ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಒಳಗೆ ಒಂದು ತೆಳು ಲೋಹದ ಡಬ್ಬಿ, ಮೇಲ್ಮೈ ಅಲೆಅಲೆಯಾಗಿ ಇರುತ್ತದೆ. ಗಾಳಿ ತುಂಬಿದರೆ ಅದು ಕೂದಲೆಳೆಯಷ್ಟು ಉಬ್ಬುತ್ತದೆ. ಆ ಉಬ್ಬನ್ನು ಪುಟ್ಟ ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. 1844ರಲ್ಲಿ ಫ್ರಾನ್ಸಿನ ಲೂಸಿಯಾನ್ ವಿಡಿ ಹವೆಯ ಒತ್ತಡ ಅಳೆಯಲು ಮಾಡಿದ ಉಪಾಯವೇ ಇದು. ಸೆಲ್ ಬೇಡ, ಕರೆಂಟ್ ಬೇಡ. ರಬ್ಬರ್ ಬಲ್ಬು ಅದುಮಿ ಗಾಳಿ ಏರಿಸಬೇಕು, ಸ್ಕ್ರೂ ಸಡಿಲಿಸಿ ಸೆಕೆಂಡಿಗೆ 2, 3 ಮಿಲಿಮೀಟರಿನಂತೆ ಇಳಿಸಬೇಕು. ಸ್ಟೆತಸ್ಕೋಪಿನಲ್ಲಿ ಮೊದಲ ಟಕ್ ಕೇಳಿದ್ದು ಮೇಲಿನ ಅಂಕಿ, ಸದ್ದು ನಿಂತದ್ದು ಕೆಳಗಿನದು. ಈ ಸದ್ದಿನ ವಿದ್ಯೆ ರಷ್ಯಾದ ಕೊರೊಟ್ಕೋವ್ 1905ರಲ್ಲಿ ಹೇಳಿದ್ದು. ಇವತ್ತಿಗೂ ಹೊಸ ಡಿಜಿಟಲ್ ಮಷಿನ್‌ಗಳನ್ನು ಪರೀಕ್ಷೆ ಮಾಡುವಾಗ ಪಕ್ಕದಲ್ಲಿಟ್ಟು ಹೋಲಿಸುವುದು ಸಾಮಾನ್ಯವಾಗಿ ಇದಕ್ಕೇ.

ಆದರೆ ಮನೆಗೆ ಆಗಿಬರಲಿಲ್ಲ. ಬೆಳಗ್ಗೆ ಆರಕ್ಕೆ ನಾನು ಶಿಫ್ಟಿಗೆ ಹೊರಡುತ್ತೇನೆ. ಅಮ್ಮ ಒಬ್ಬರೇ ಒಂದು ಕೈಗೆ ಕಟ್ಟಿಕೊಂಡು, ಇನ್ನೊಂದರಲ್ಲಿ ಬಲ್ಬು ಅದುಮಿ, ಸ್ಟೆತಸ್ಕೋಪನ್ನೂ ಹಿಡಿದು, ಮುಳ್ಳನ್ನೂ ನೋಡಬೇಕು. ಯಾರಿಗೆ ಆಗುತ್ತೆ? ಪಕ್ಕದ ಮನೆಯ ಮಿಕ್ಸಿ ಶುರುವಾದರೆ ಮುಗಿಯಿತು, ಏನೂ ಕೇಳಿಸಲ್ಲ. ಇನ್ನೊಂದು, ಡಯಲ್ ಒಮ್ಮೆ ನೆಲಕ್ಕೆ ಬಿದ್ದರೆ ಅದನ್ನು ನಂಬುವ ಹಾಗಿಲ್ಲ. ನಮ್ಮದು ಟೇಬಲ್ ಮೇಲಿಂದ ಬಿತ್ತು. ಗಾಜು ಒಡೆಯಲಿಲ್ಲ, ಆದರೆ ಗಾಳಿ ಪೂರ್ತಿ ಬಿಟ್ಟ ಮೇಲೂ ಮುಳ್ಳು ಸೊನ್ನೆಗೆ ಬರದೆ 6ರಲ್ಲೇ ನಿಂತಿತ್ತು. ನನಗೆ ಅದನ್ನು ಸರಿ ಮಾಡಿಕೊಳ್ಳುವುದು ಗೊತ್ತು, ಕಾರ್ಖಾನೆಯಲ್ಲಿ ಬೇರೆ ಗೇಜ್‌ಗಳನ್ನು ಹೋಲಿಸಿ ನೋಡುವ ಮಾಸ್ಟರ್ ಗೇಜ್ ಇದೆ. ಎಲ್ಲರ ಮನೆಯಲ್ಲಿ ಇರಲ್ಲ ಅಲ್ವಾ.

ಪಾದರಸದ ಬಿಪಿ ಮಷಿನ್ನನ್ನು ಹಳೇ ಕ್ಲಿನಿಕ್‌ನಿಂದ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೂ ತರಬೇಡಿ. ಗಾಜು ಒಡೆದರೆ ಪಾದರಸ ಟೈಲ್ಸ್ ಸಂದಿಗೆ ಹೋಗಿ ಕೂರುತ್ತದೆ, ಅದರ ಆವಿ ವಿಷ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದ ಇಂಥವುಗಳ ತಯಾರಿಯನ್ನು 2020ರ ಹೊತ್ತಿಗೆ ನಿಲ್ಲಿಸಬೇಕು ಅಂದದ್ದು ಸುಮ್ನೆ ಅಲ್ಲ. ಸ್ಮಾರ್ಟ್‌ವಾಚಿನ ಬಿಪಿ ಬಗ್ಗೆ ಕೇಳಲೇಬೇಡಿ.

ಈಗ ತೋಳಿನ ಡಿಜಿಟಲ್. ಇದರೊಳಗೆ ಒಂದು ಪುಟ್ಟ ಪಂಪು, ಒಂದು ವಾಲ್ವು, ಉಗುರಿಗಿಂತ ಚಿಕ್ಕ ಒಂದು ಸೆನ್ಸರ್. ಸಾಮಾನ್ಯವಾಗಿ ಅದು ಸಿಲಿಕಾನಿನ ತೆಳು ಪರದೆ. ಒತ್ತಡಕ್ಕೆ ಪರದೆ ಬಾಗಿದರೆ ಅದರ ವಿದ್ಯುತ್ ತಡೆ ಬದಲಾಗುತ್ತದೆ. ಸಿಲಿಕಾನಿನ ಈ ಗುಣವನ್ನು 1954ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಸ್ಮಿತ್ ತೋರಿಸಿಕೊಟ್ಟರು. ಮಷಿನ್ ಯಾವ ಸದ್ದನ್ನೂ ಕೇಳಿಸಿಕೊಳ್ಳುವುದಿಲ್ಲ. ಪಟ್ಟಿಯ ಗಾಳಿಯಲ್ಲಿ ನಾಡಿ ಎಬ್ಬಿಸುವ ಸಣ್ಣ ಅಲುಗಾಟವನ್ನು ನೋಡುತ್ತದೆ. ಅಲುಗಾಟ ಅತಿ ದೊಡ್ಡದಾಗಿರುವಾಗ ಪಟ್ಟಿಯಲ್ಲಿರುವ ಒತ್ತಡವೇ ಸರಾಸರಿ ಬಿಪಿ. ಮೇಲಿನದು, ಕೆಳಗಿನದು ಎರಡನ್ನೂ ಅದರಿಂದ ಲೆಕ್ಕ ಹಾಕಿ ತೆಗೆಯುತ್ತದೆ. ಆ ಲೆಕ್ಕದ ಸೂತ್ರ ಕಂಪನಿ ಕಂಪನಿಗೆ ಬೇರೆ, ಹೊರಗೆ ಹೇಳುವುದಿಲ್ಲ. ಒಂದೇ ತೋಳಿನಲ್ಲಿ ಎರಡು ಕಂಪನಿಯ ಮಷಿನ್ ನಾಲ್ಕೈದು ಅಂಕಿ ಹೆಚ್ಚುಕಡಿಮೆ ತೋರಿಸಿದರೆ ಗಾಬರಿ ಬೇಡ. ಹೃದಯದ ಬಡಿತವೇ ಲಯ ತಪ್ಪಿರುವವರಿಗೆ ಮಾತ್ರ ಈ ಲೆಕ್ಕ ಅಷ್ಟು ಭರವಸೆಯದ್ದಲ್ಲ, ಅಂಥವರು ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕು.

ಇಷ್ಟು ಒಳ್ಳೆಯ ಮಷಿನ್ ನಮ್ಮನ್ನು ಸತಾಯಿಸಿದ್ದು ಪಟ್ಟಿಯಲ್ಲಿ.

ಅಂಗಡಿಯಲ್ಲಿ ದೊಡ್ಡ ಪಟ್ಟಿ ಇರುವುದು ಕೊಡಿ ಅಂತ ಕೇಳಿಯೇ ತಂದದ್ದು. "ಇದು ಎಲ್ಲರಿಗೂ ಆಗತ್ತೆ ಸಾರ್" ಅಂದರು. ಮನೆಗೆ ಬಂದು ನೋಡಿದರೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ 22 ರಿಂದ 32 ಸೆಂಟಿಮೀಟರ್ ಅಂತ ಇದೆ. ಅಮ್ಮನ ಹೊಲಿಗೆ ಟೇಪಿನಲ್ಲೇ ತೋಳು ಅಳೆದೆ, ಭುಜಕ್ಕೂ ಮೊಣಕೈಗೂ ನಟ್ಟನಡುವೆ. 35. ಪಟ್ಟಿ ಸುತ್ತಿದರೆ ವೆಲ್ಕ್ರೋ ಒಂದು ಬೆರಳಗಲ ಮಾತ್ರ ಹಿಡಿಯುತ್ತದೆ. ಗುಂಡಿ ಒತ್ತಿದರೆ ಪಂಪು ಗುಂಯ್ ಅಂತ ಶುರುವಾಗಿ, 160 ದಾಟುವಷ್ಟರಲ್ಲಿ ಚರ್ರ್ ಎಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ತೆರೆಯ ಮೇಲೆ ಎರರ್. ಹೇಗೋ ಹಿಡಿದು ನಿಂತ ದಿನ ಇನ್ನೂ ಕಷ್ಟ. ಸಾಲದು ಅಂತ ಮಷಿನ್ ಮತ್ತೆ ಗಾಳಿ ಏರಿಸುತ್ತದೆ, ತೋಳು ಕೆಂಪಗಾಗುತ್ತದೆ. "ಯಾಕೋ ಇಷ್ಟು ಹಿಂಡತ್ತೆ ಇದು, ಪ್ರಾಣ ಹೋಗತ್ತೆ" ಅಂತ ಅಮ್ಮ. ಆ ನೋವಲ್ಲಿ ಬಿಪಿ ಏರದೆ ಇರುತ್ತಾ?

ಗಾಳಿ ತುಂಬುವ ಒಳಚೀಲ ತೋಳಿನ ಸುತ್ತಳತೆಯ 80 ಶೇಕಡಾ ಉದ್ದ, 40 ಶೇಕಡಾ ಅಗಲ ಇರಬೇಕು ಅನ್ನುವುದು ಲೆಕ್ಕ. ಅಮ್ಮನಿಗೆ ಅಂದರೆ 28ಕ್ಕೆ 14 ಸೆಂಟಿಮೀಟರ್. ಅದಕ್ಕಿಂತ ಚಿಕ್ಕದಾದರೆ ಒತ್ತಡ ಒಳಗಿನ ರಕ್ತನಾಳದವರೆಗೆ ಪೂರ್ತಿ ಮುಟ್ಟುವುದಿಲ್ಲ. ನಾಳ ಮುಚ್ಚಲು ಹೆಚ್ಚು ಗಾಳಿ ಬೇಕಾಗುತ್ತದೆ, ಆ ಹೆಚ್ಚಿನದೂ ಬಿಪಿ ಅಂತಲೇ ತೆರೆಯ ಮೇಲೆ ಬರುತ್ತದೆ. ಇದು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯಲ್ಲ. 1896ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ರೀವಾ ರೋಚಿ ತೋಳಿಗೆ ಕಟ್ಟುವ ಮೊದಲ ಪಟ್ಟಿ ಮಾಡಿದ್ದು ಸೈಕಲ್ ಟ್ಯೂಬಿನಿಂದ. ಅದರ ಅಗಲ ಸುಮಾರು 5 ಸೆಂಟಿಮೀಟರ್. ಅದು ಸಾಲದು, ಅಂಕಿ ಜಾಸ್ತಿ ಬರುತ್ತದೆ ಅಂತ 1901ರಲ್ಲೇ ಜರ್ಮನಿಯ ರೆಕ್ಲಿಂಗ್‌ಹೌಸನ್ ತೋರಿಸಿದರು. 2023ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಪ್ರಕಟಿಸಿದ ಪರೀಕ್ಷೆಯಲ್ಲೂ ಅದೇ ಕಥೆ. ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 4.8 ಜಾಸ್ತಿ ಬಂತು. ಇನ್ನೂ ದೊಡ್ಡದು ಬೇಕಾದವರಿಗೆ 19.5. ನೂರಿಪ್ಪತ್ತು ವರ್ಷ ಆದ ಮೇಲೂ ಅಂಗಡಿಯಲ್ಲಿ "ಎಲ್ಲರಿಗೂ ಆಗತ್ತೆ" ಅನ್ನುತ್ತಾರೆ ನೋಡಿ.

ಚಿಕ್ಕ ಪಟ್ಟಿಯನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ನಾನೂ ಬಿಡಲಿಲ್ಲ, ಅದರ ಕೊಳವೆ ಕತ್ತರಿಸಿ ನಡುವೆ ಟಿ ಜಾಯಿಂಟ್ ಹಾಕಿ ಮಾಸ್ಟರ್ ಗೇಜಿಗೆ ಸೇರಿಸಿದೆ. ಪಟ್ಟಿಯನ್ನು ನನ್ನ ತೋಳಿಗೇ ಕಟ್ಟಿಕೊಂಡು ಗುಂಡಿ ಒತ್ತಿದೆ. ಮಷಿನ್ ತೆರೆಯ ಅಂಕಿಯೂ ಗೇಜಿನ ಅಂಕಿಯೂ ಜೊತೆಜೊತೆಗೇ ಇಳಿದವು, ಎಲ್ಲೂ 2 ಮಿಲಿಮೀಟರಿಗಿಂತ ಹೆಚ್ಚು ದೂರ ಹೋಗಲಿಲ್ಲ. ಎರಡು ಸಾವಿರದ ಮಷಿನ್ನಿಗೆ ಇದು ಬಹಳ ಒಳ್ಳೆಯ ಲೆಕ್ಕ. ಆಮೇಲೆ ಅದೇ ಕಂಪನಿಯ 22 ರಿಂದ 42ರ ಪಟ್ಟಿ ತರಿಸಿ ಕಟ್ಟಿದೆ. ಚಿಕ್ಕದರಲ್ಲಿ 150ರ ಆಸುಪಾಸು ಓಡಾಡುತ್ತಿದ್ದ ಅಮ್ಮ 138ಕ್ಕೆ ಬಂದರು. ಮಷಿನ್ ಅದೇ, ಸೆನ್ಸರ್ ಅದೇ. ಪಟ್ಟಿ ಬೇರೆ ಕಂಪನಿಯದು ಅಗ್ಗಕ್ಕೆ ಸಿಗುತ್ತದೆ, ಆದರೆ ಕೊಳವೆಯ ಮೂತಿ ಸರಿಯಾಗಿ ಕೂರುವುದಿಲ್ಲ. ಕೂತರೂ ಮಷಿನ್ನಿನ ಸೂತ್ರ ತನ್ನ ಪಟ್ಟಿಗೆ ಹೊಂದಿಸಿದ್ದು. ಆ ಉಳಿತಾಯ ಬೇಡ.

ಇನ್ನು ರವಿಕೆ. ಮಣಿಕಟ್ಟಿನದು ನಮ್ಮ ಕಡೆ ಇಷ್ಟು ಮಾರಾಟ ಆಗುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ. ಅಮ್ಮನ ರವಿಕೆಯ ತೋಳು ಮೊಣಕೈ ಹತ್ತಿರದವರೆಗೆ ಬರುತ್ತದೆ, ಬಿಗಿ ಬೇರೆ. ಮಡಚಿ ಮೇಲೇರಿಸಿದರೆ ಆ ಮಡಿಕೆಯೇ ತೋಳನ್ನು ಹಗ್ಗದಂತೆ ಬಿಗಿಯುತ್ತದೆ, ಅದರ ಕೆಳಗೆ ಅಳೆದು ಏನು ಪ್ರಯೋಜನ? ಅದಕ್ಕೇ ಬೆಳಗ್ಗೆ ಎದ್ದು ನೈಟಿಯಲ್ಲಿರುವಾಗಲೇ, ಮಾತ್ರೆಗೆ ಮುಂಚೆ ನೋಡಿಕೊಳ್ಳುವ ಅಭ್ಯಾಸ ಮಾಡಿಸಿದೆ. ನೈಟಿಯ ಸಡಿಲ ತೋಳು ಸಲೀಸಾಗಿ ಮೇಲೆ ಸರಿಯುತ್ತದೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಐದು ನಿಮಿಷ ಸುಮ್ಮನೆ ಕೂರುವುದು, ಮಾತಿಲ್ಲ. ಇದಿಷ್ಟೂ ಒಪ್ಪಿದರು. ಕಾಫಿಗೆ ಮುಂಚೆ ಅನ್ನುವುದು ಮಾತ್ರ ದೊಡ್ಡ ಜಗಳ. "ಕಾಫಿ ಇಲ್ದೆ ಕೂತ್ರೇನೇ ನಂಗೆ ಬಿಪಿ ಏರೋದು" ಅಂತಾರೆ.

ಹಾಗಾಗಿ ನನ್ನ ಆಯ್ಕೆ ನಮ್ಮ ಮನೆಯ ರೂಢಿಗೆ ತಕ್ಕದ್ದು. ವಯಸ್ಸಾದವರು ಒಬ್ಬರೇ ನೋಡಿಕೊಳ್ಳಬೇಕು, ಒಂದೇ ಗುಂಡಿ ಇರಬೇಕು, ಬಜೆಟ್ ಮೂರು ಸಾವಿರದೊಳಗೆ. ಮನೆಯಲ್ಲಿ ನರ್ಸ್ ಇದ್ದರೆ, ಕಿವಿ ಚುರುಕಿದ್ದರೆ ಡಯಲ್ ಅರ್ಧ ದುಡ್ಡಿಗೆ ಮುಗಿಯುತ್ತದೆ, ಆರು ತಿಂಗಳಿಗೊಮ್ಮೆ ಚೆಕ್ ಮಾಡಿಸುವ ತಾಳ್ಮೆ ಇರಬೇಕಷ್ಟೆ. ನಮಗೆ ಮಷಿನ್ನಿಗೆ ಸುಮಾರು ಎರಡು ಸಾವಿರ, ದೊಡ್ಡ ಪಟ್ಟಿಗೆ ಬೇರೆ ಒಂಬೈನೂರು ಬಿತ್ತು. ಅಂಗಡಿಗೆ ಹೋಗುವ ಮುಂಚೆ ಟೇಪಿನಲ್ಲಿ ತೋಳು ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಬ್ಬ ತೆರೆಸಿ ಪಟ್ಟಿಯ ಅಂಚಿನ ಅಂಕಿ ಓದಿದ ಮೇಲೇ ದುಡ್ಡು ಕೊಡಿ. ಮೊದಲೇ ದೊಡ್ಡ ಪಟ್ಟಿ ಜೊತೆಗಿರುವ ಮಾಡೆಲ್ ಸಿಕ್ಕಿದರೆ ನಾಲ್ಕೈದು ನೂರು ಉಳಿಯುತ್ತದೆ, ಆ ದುಡ್ಡಿಗೆ ಅಡಾಪ್ಟರ್ ಬರುತ್ತದೆ.