ಡಿಸ್ಟ್ರಿಬ್ಯೂಟರ್ ವೈರು: ಒಂದೇ ಕಟ್ಟಾ, ಬಿಡಿಬಿಡಿಯಾ?

ಉಡುಪಿಯ ಗೆಳೆಯರೊಬ್ಬರು ಹಳೆಯ ಅಂಬಾಸಿಡರ್ ಕಾರಿನ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿಯ ಕರೆಂಟು ಹಂಚುವ ಭಾಗ) ಬಿಚ್ಚಿ ಮತ್ತೆ ಕೂರಿಸುತ್ತಿದ್ದಾರೆ. ನಾಲ್ಕು ಪ್ಲಗ್ ವೈರನ್ನು ಒಟ್ಟಿಗೆ ಕಟ್ಟಲಾ, ಕ್ಲಿಪ್ ಹಾಕಿ ಬೇರೆ ಬೇರೆ ಇಡಲಾ ಎಂದು ಕೇಳಿದರು.

ನೋಡಲು ಕಟ್ಟೇ ಚಂದ. ಖರ್ಚೂ ಇಲ್ಲ, ನಾಲ್ಕು ಪ್ಲಾಸ್ಟಿಕ್ ಟೈ ಸಾಕು. ಆದರೆ ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಸರದಿ, 1-3-4-2. 3 ಆದ ಮೇಲೆ ಪಕ್ಕದ 4, 2 ಆದ ಮೇಲೆ ಪಕ್ಕದ 1. ಈ ಜೋಡಿಗಳ ವೈರು ಉದ್ದಕ್ಕೂ ಅಂಟಿಕೊಂಡು ಹೋದರೆ ಒಂದರ ಕಿಡಿ ಇನ್ನೊಂದಕ್ಕೆ ದಾಟಿ, ಸಮಯಕ್ಕೆ ಮುಂಚೆಯೇ ಹೊತ್ತಿಕೊಂಡು ಎಂಜಿನ್ ಮಿಸ್ ಹೊಡೆಯಬಹುದು. ಮಲ್ಪೆ ಕಡೆಯ ಉಪ್ಪುಗಾಳಿ, ಜೂನ್ ಮಳೆ ಸೇರಿದರೆ ಹಳೆ ವೈರಿನ ಮೇಲೆ ತೇವ ಕೂತು ಈ ಕಾಟ ಇನ್ನೂ ಜಾಸ್ತಿ. ಮಳೆಗಾಲದಲ್ಲೂ ದಿನಾ ಓಡಿಸುವುದಾದರೆ ನಾನು ಕ್ಲಿಪ್ಪನ್ನೇ ಹೇಳುತ್ತೇನೆ. ಒಂದು ವೈರು ಹೋದರೆ ಅದೊಂದನ್ನೇ ಬದಲಿಸಬಹುದು, ಅಲ್ವಾ?

ಕ್ಲಿಪ್‌ಗೆ ತಾಳ್ಮೆ ಬೇಕು. ಸರಿಯಾದ ಅಳತೆಯದ್ದು ಹುಡುಕಬೇಕು, ವೈರನ್ನೂ ಅಳೆದೇ ಕತ್ತರಿಸಬೇಕು. ಬೇಸಿಗೆಯಲ್ಲಿ ಅಪರೂಪಕ್ಕೆ ಹೊರಬರುವ ಗಾಡಿ, ವೈರೂ ಹೊಸ ಸಿಲಿಕೋನ್ ಅಂದರೆ ಕಟ್ಟಿದರೂ ನಡೆಯುತ್ತದೆ. ಆ ಎರಡು ಜೋಡಿಗಳ ನಡುವೆ ಮಾತ್ರ ಬೆರಳಷ್ಟು ಜಾಗ ಬಿಡಿ.

ಹೇಗೆ ಕೂರಿಸಿದರೂ ವೈರು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ (ಎಂಜಿನ್ನಿನ ಹೊಗೆ ಹೊರಹೋಗುವ ಬಿಸಿ ಕೊಳವೆ) ತಾಗಬಾರದು. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ನ (ಕಿಡಿಗಾಗಿ ಕರೆಂಟು ಕಡಿಯುವ ಸ್ವಿಚ್ಚು) ಸಣ್ಣ ವೈರನ್ನು ಸ್ವಲ್ಪ ಸಡಿಲ ಬಿಡಿ. ಎಂಜಿನ್ನಿನ ವ್ಯಾಕ್ಯೂಮ್ (ಗಾಳಿಯ ಸೆಳೆತ) ಎಳೆದಾಗ ಪಾಯಿಂಟ್ ಕೂತಿರುವ ಒಳಗಿನ ಪ್ಲೇಟು ತಿರುಗುತ್ತದೆ. ಬಿಗಿಯಾಗಿದ್ದರೆ ವೈರು ಒಳಗೇ ತುಂಡಾಗುತ್ತದೆ.