ಟೆಕ್ಸಾಸ್‌ನಲ್ಲಿ ಮ್ಯಾನುಫ್ಯಾಕ್ಚರ್ಡ್ ಮನೆ ಮಾರಾಟ: ಮನೆಯಷ್ಟೇ ಮಾರಬೇಕೋ, ಜಾಗದ ಸಮೇತವೋ?

ಮ್ಯಾನುಫ್ಯಾಕ್ಚರ್ಡ್ ಮನೆ ಎಂದರೆ ಕಾರ್ಖಾನೆಯಲ್ಲಿ ಕಟ್ಟಿ ಜಾಗಕ್ಕೆ ತಂದು ಕೂರಿಸುವ ಮನೆ. ಬಾಡಿಗೆ ಜಾಗದಲ್ಲಿರುವ ಇಂಥ ಮನೆ ಸಾಮಾನ್ಯವಾಗಿ ಚರಾಸ್ತಿಯಾಗಿಯೇ ಮಾರಾಟವಾಗುತ್ತದೆ. ಇಲ್ಲಿ ಮುಖ್ಯ ದಾಖಲೆ ‘ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್’, ಅಂದರೆ ಮನೆಯ ಮಾಲೀಕರು ಯಾರೆಂದು ತೋರಿಸುವ, ರಾಜ್ಯ ಸರ್ಕಾರ ಕೊಡುವ ಪತ್ರ. ಮಾರಾಟವಾದ 60 ದಿನದೊಳಗೆ ಹೊಸ ಮಾಲೀಕರ ಹೆಸರಿಗೆ ಅರ್ಜಿ ಹೋಗಬೇಕು. ಖರ್ಚು ಕಡಿಮೆ, ಆದರೆ ಕೌಂಟಿಯ (ಜಿಲ್ಲೆಯಂಥ ಸ್ಥಳೀಯ ಆಡಳಿತ) ತೆರಿಗೆ ಬಾಕಿ ಇದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನು ಮೊದಲೇ ತೆಗೆದಿಡಿ.

ಜಾಗ ನಿಮ್ಮದೇ ಆಗಿದ್ದರೆ ಸ್ಥಿರಾಸ್ತಿಯಾಗಿ ಮಾರುವುದೇ ಮೇಲು, ಕೊಳ್ಳುವವರಿಗೆ ಗೃಹಸಾಲ ಸುಲಭ. ಆದರೆ ಆಸ್ತಿಯ ಹಕ್ಕುಪತ್ರಗಳನ್ನು ಪರಿಶೀಲಿಸುವ ಟೈಟಲ್ ಕಂಪನಿಯ ಖರ್ಚು, ಸಮಯ ಎರಡೂ ಹೆಚ್ಚು. ಹಲವರು ಎಡವುವುದು ಇಲ್ಲೇ: ಜಾಗದ ಡೀಡ್ (ಕ್ರಯಪತ್ರ) ಬರೆದುಕೊಟ್ಟರೆ ಮನೆಯ ಓನರ್‌ಶಿಪ್ ದಾಖಲೆ ತಾನಾಗಿ ಬದಲಾಗುವುದಿಲ್ಲ. ಅದನ್ನೂ ಬದಲಿಸಿ, ಕೌಂಟಿಯಲ್ಲಿ ನೋಂದಾಯಿಸಬೇಕು.

ಎರಡೂ ಬಗೆಯ ಮಾರಾಟಕ್ಕೆ ಹೊರಗೋಡೆಯ ಕೆಂಪು ‘ಹಡ್’ (ಅಮೆರಿಕದ ಕೇಂದ್ರ ವಸತಿ ಇಲಾಖೆ) ಲೇಬಲ್ ಸಂಖ್ಯೆ ಬೇಕು. ಡಬಲ್‌ವೈಡ್ (ಎರಡು ಭಾಗ ಜೋಡಿಸಿದ ಮನೆ) ಆದರೆ ಎರಡು ಲೇಬಲ್, ಎರಡನ್ನೂ ಬರೆದುಕೊಳ್ಳಿ.