ಉಡುಪಿಯ ಮೆಮೊರಿ ಕ್ಲಾಸ್: ಬನ್ಸ್ ಸೂಪರ್, ಬೋರ್ಡ್ ಮಾತ್ರ ಸುಳ್ಳು

ಹೋದ ತಿಂಗಳು ಶನಿವಾರ ಆದಿತ್ಯವಾರ ಎರಡು ದಿನದ ಮೆಮೊರಿ ಕ್ಲಾಸಿಗೆ ಹೋಗಿದ್ದೆ, ಉಡುಪಿಯಲ್ಲೇ, ಹೆಸರು ಬೇಡ ಬಿಡಿ. ಫೀಸು 1,500. ಹೊರಗೆ ಬೋರ್ಡಲ್ಲಿ "ನಿಮ್ಮ ಮೆದುಳೇ ಕ್ಯಾಮೆರಾ" ಅಂತ ಇಷ್ಟುದ್ದ ಬರ್ದಿತ್ತು. ಮಗ ಎಸ್ಸೆಸ್ಸೆಲ್ಸಿ, ಅವನನ್ನು ಕಳಿಸುವ ಮೊದಲು ನಾನೇ ಒಮ್ಮೆ ನೋಡಿ ಬರುವ ಅಂತ ಹೋದದ್ದು.

ಸುರುವಿಗೇ ಸರ್ ಒಂದು ಆಟ ಆಡಿಸಿದ್ರು. ಕಿಸೆಗೆ ಕೈ ಹಾಕ್ಬೇಡಿ, 50ರ ಹೊಸ ನೋಟಿನ ಹಿಂದೆ ಎಂತ ಚಿತ್ರ ಉಂಟು ಬರೀರಿ ಅಂದ್ರು. ನಾನು ಅಂಗಡಿ ಇಟ್ಟವ, ದಿನಾ ರಾತ್ರಿ ಗಲ್ಲದಲ್ಲಿ ನೋಟು ಎಣಿಸುದೇ ಕೆಲಸ, ಆದ್ರೂ ಕೆಂಪುಕೋಟೆ ಅಂತ ಬರ್ದೆ. ಪಕ್ಕದಲ್ಲಿ ಕೂತವರು ಬ್ಯಾಂಕಲ್ಲಿ ಕ್ಯಾಶಿಯರ್ ಅಂತೆ, ಅವರದ್ದು ತಾಜಮಹಲ್! ಇರುದು ಹಂಪಿಯ ಕಲ್ಲಿನ ರಥ ಮಾರಾಯ್ರೆ, ನಮ್ಮದೇ ಕರ್ನಾಟಕದ್ದು. ಮತ್ತೆ ನಾಲ್ಕು ಚಿತ್ರ ಪ್ರೊಜೆಕ್ಟರಲ್ಲಿ ಹಾಕಿ ಯಾವುದು ಅಂತ ಕೇಳಿದ ಕೂಡ್ಲೆ ಎಲ್ಲರ ಬೆರಳೂ ರಥಕ್ಕೇ.

ನೋಡಿ ಗುರ್ತ ಹಿಡಿಯುದು ಬೇರೆ, ಎದುರು ಎಂತದೂ ಇಲ್ಲದೆ ನೆನಪು ಮಾಡುದು ಬೇರೆ ಅಂತ ಆಗ ತಲೆಗೆ ಹೋಯ್ತು. ಗುರ್ತ ಹಿಡಿಯುದ್ರಲ್ಲಿ ನಾವು ಭಾರೀ ಹುಷಾರು, 1973ರಲ್ಲಿ ಸ್ಟ್ಯಾಂಡಿಂಗ್ ಅಂತ ಹೆಸರಿನ ಮನಶ್ಶಾಸ್ತ್ರಜ್ಞರು 10,000 ಚಿತ್ರ ತೋರಿಸಿ ಆಮೇಲೆ ನೋಡಿದ್ದು ನೋಡದ್ದು ಜೋಡಿ ಮಾಡಿ ಪರೀಕ್ಷೆ ಮಾಡಿದ್ರೆ ಶೇ. 80ಕ್ಕಿಂತ ಜಾಸ್ತಿ ಸರಿ ಬಂದಿತ್ತು. ಆದ್ರೆ ತಲೆಯೊಳಗೆ ಆಲ್ಬಮ್ ಎಂತ ಇಲ್ಲ. ಕಂಡದ್ದರ ಬಣ್ಣ, ಆಕಾರ ಎಲ್ಲ ತಲೆಯ ಹಿಂಬದಿ ಬಿಡಿಬಿಡಿಯಾಗಿ ಹೋಗ್ತದೆ, ಹಿಪ್ಪೊಕ್ಯಾಂಪಸ್ ಅಂತ ಕಡಲ್ಕುದುರೆ ಹಾಗಿರುವ ಭಾಗ ಒಂದುಂಟು, ಅದು ಗಂಟು ಹಾಕಿ ಇಡ್ತದೆ, ನೆನಪಾಗುದು ಅಂದ್ರೆ ಪುನಃ ಜೋಡಿಸುದು. ಜೋಡಿಸುವಾಗ ತುಂಡು ಸಿಗದಿದ್ರೆ ಬೇರೆ ಕಡೆದು ತಂದು ತುಂಬಿಸ್ತದೆ. ನನ್ನ ಕೆಂಪುಕೋಟೆ 500ರ ನೋಟಿಂದ ಬಂದದ್ದು! ಇಷ್ಟು ಚಂದ ಹೇಳುವವರು ಹೊರಗೆ ಆ ಕ್ಯಾಮೆರಾ ಬೋರ್ಡ್ ಯಾಕೆ ಹಾಕಿದ್ದು ಅಂತ ಕೇಳಿದೆ, ಸರ್ ನಗಾಡಿದ್ರು ಅಷ್ಟೆ.

ಎರಡನೇ ದಿನ ದುಡ್ಡು ಹುಟ್ಟಿತು. ಕಣ್ಣು ಮುಚ್ಚಿ ಮನಸ್ಸಲ್ಲೇ ರಥಬೀದಿಗೆ ಒಂದು ಸುತ್ತು ಬರುದು, ಒಂದೊಂದು ಕಡೆ ಒಂದೊಂದು ಸಾಮಾನು ಇಡುದು, ಗ್ರೀಕರ ಕಾಲದ ಉಪಾಯ ಅಂತೆ. ಅನಂತೇಶ್ವರದ ಎದುರು ಕುಚ್ಚಲಕ್ಕಿ ಗೋಣಿ ಒಡೆದು ಬಿದ್ದಿದೆ, ಚಂದ್ರಮೌಳೀಶ್ವರದ ಹತ್ರ ಮಟ್ಟುಗುಳ್ಳದ ರಾಶಿ, ಕನಕನ ಕಿಂಡಿಯಲ್ಲಿ ತೆಂಗಿನೆಣ್ಣೆ ಬಾಟ್ಲಿ ಇಣುಕ್ತಾ ಉಂಟು (ಕೃಷ್ಣ ಕ್ಷಮಿಸಲಿ). ಹೀಗೆ ಇಪ್ಪತ್ತು ಇಟ್ಟದ್ದು, ಮೂರು ವಾರ ಆಯ್ತು, ಈಗಲೂ ಕೇಳಿ, ಸಾಲಾಗಿ ಹೇಳ್ತೇನೆ. ಜಾಗ, ದಾರಿ ನೆನಪಿಡುದೂ ಅದೇ ಕಡಲ್ಕುದುರೆಯ ಕೆಲಸ ಅಲ್ವಾ.

ಕೊನೆಗೆ ಅಡ್ವಾನ್ಸ್ ಕೋರ್ಸ್ 6,000, ಮೇಲಿಂದ ಜ್ಞಾಪಕಶಕ್ತಿ ಸಿರಪ್ ಅಂತ ಹಿಂದೆ ಬಿದ್ರು, ಅದು ಬೇಡ. ಚಾದ ಒಟ್ಟಿಗೆ ಬಿಸಿ ಬನ್ಸ್ ಕೊಟ್ರು, ಎರಡು ತಿಂದೆ. ಮಗನನ್ನು ಬೇಸಿಕಿಗೆ ಕಳಿಸ್ತೇನೆ. ಕಾರು ನಿಲ್ಲಿಸ್ಲಿಕ್ಕೆ ಜಾಗ ಇಲ್ಲ, ಸ್ಕೂಟರಲ್ಲಿ ಹೋಗಿ.